ಕೆಳಗಿನ ತೋಟ ಮಾರಬೇಡಿ ಅಪ್ಪ

ಗ್ಲೆಂಡೇಲ್, ಸ್ಕೈ ದ್ವೀಪ, ಸ್ಕಾಟ್ಲೆಂಡ್
ಶನಿವಾರ ರಾತ್ರಿ

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಆರಾಮ. ಅಲ್ಲಿ ಎಲ್ಲ ಆರಾಮ ಇಲ್ಲ ಅಂತ ಗೊತ್ತಾಗಿದೆ. ರಘು ಆಂಜಿಯೋಗ್ರಾಮ್ ರಿಪೋರ್ಟ್ ಕಳಿಸಿದ. ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಆಗಲೇಬೇಕು ಅಂತ ಡಾಕ್ಟರು ಹೇಳಿದರೂ ನೀವು "ತೋಟಕ್ಕೆ ಔಷಧಿ ಹೊಡೆದು ಮುಗೀಲಿ" ಅಂತ ಕೂತಿದ್ದೀರಂತೆ. ಅದರ ಮೇಲೆ, ಆಪರೇಷನ್ ಖರ್ಚಿಗೆ ಕೆಳಗಿನ ತೋಟ ಕೊಡೋ ಮಾತು ಬೇರೆ. ಫೋನಿನಲ್ಲಿ ಈ ವಿಷಯ ತೆಗೆದರೆ "ಸರಿ ಸರಿ, ಊಟ ಆಯ್ತಾ" ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ರಘು ಪ್ರಿಂಟ್ ತೆಗೆದು ಕೊಡುತ್ತಾನೆ, ಪೂರ್ತಿ ಓದಿ.

ಮೊದಲು ಅಮ್ಮನ ಪ್ರಶ್ನೆಗಳು. ಹೌದು, ಊಟ ಸರಿಯಾಗಿ ಮಾಡುತ್ತಿದ್ದೇನೆ. ಸ್ವೆಟರ್ ಹಾಕಿಕೊಂಡಿದ್ದೇನೆ. ಆಫೀಸಿನ ಗೆಳತಿಯರ ಜೊತೆ ಬಂದಿದ್ದೇನೆ, ಒಬ್ಬಳೇ ಅಲ್ಲ. ಎಡಿನ್‌ಬರೋದಿಂದ ಕಾರಿನಲ್ಲಿ ಇಡೀ ದಿನದ ದಾರಿ. ದ್ವೀಪ ಅಂದರೂ ದೋಣಿ ಹತ್ತಬೇಕಿಲ್ಲ, 1995ರಲ್ಲಿ ಸೇತುವೆ ಆಗಿದೆ. ಡನ್‌ವೆಗನ್ ಅನ್ನೋ ಊರು ದಾಟಿದ ಮೇಲೆ ಒಂದೇ ಗಾಡಿ ಹಿಡಿಸೋ ರಸ್ತೆ. ಅಲ್ಲಲ್ಲಿ ಪಕ್ಕಕ್ಕೆ ಸರಿಯೋಕೆ ಜಾಗ ಬಿಟ್ಟಿದ್ದಾರೆ. ಎದುರಿಗೆ ಬಂದವರು ನಿಂತು ದಾರಿ ಬಿಡುತ್ತಾರೆ, ಹೋಗುವವರು ಕೈ ಎತ್ತಿ ಹೋಗುತ್ತಾರೆ. ಹಾರ್ನ್ ಸದ್ದೇ ಇಲ್ಲ. ಈಗ ರಾತ್ರಿ ಹತ್ತು ಗಂಟೆ, ಹೊರಗೆ ಇನ್ನೂ ಬೆಳಕಿದೆ, ದೀಪ ಹಾಕದೇ ಬರೆಯುತ್ತಿದ್ದೇನೆ.

ಡನ್‌ವೆಗನ್ ಕೋಟೆ ನೋಡಿದೆವು. ಮ್ಯಾಕ್‌ಲೌಡ್ ಅನ್ನೋ ಒಂದೇ ಮನೆತನ ಸುಮಾರು 800 ವರ್ಷದಿಂದ ಅದನ್ನು ಇಟ್ಟುಕೊಂಡಿದೆ. ಅಲ್ಲಿ ಒಂದು ಹಳೇ ರೇಷ್ಮೆ ಬಾವುಟ ಇದೆ, ಯಕ್ಷಿಯರು ಕೊಟ್ಟಿದ್ದು, ಯುದ್ಧದಲ್ಲಿ ಬಿಚ್ಚಿದರೆ ಸೋಲಿಲ್ಲ ಅಂತ ನಂಬಿಕೆ. ಕೋಟೆಯಿಂದ ಇನ್ನೂ ಮುಂದೆ ಹೋದರೆ ಹವಳದ ಕಡಲತೀರ ಅನ್ನೋ ಜಾಗ. ಬೆಳ್ಳಗಿನ ಮರಳು ಅಂತ ಕೈಯಲ್ಲಿ ಹಿಡಿದು ನೋಡಿದರೆ ಅದು ಮರಳೂ ಅಲ್ಲ, ಹವಳವೂ ಅಲ್ಲ. ಸಮುದ್ರದ ಒಂದು ಜಾತಿಯ ಪಾಚಿ ಗಟ್ಟಿಯಾಗಿ, ಒಣಗಿ, ಬಿಸಿಲಿಗೆ ಬಿಳಿಚಿ ಪುಡಿಯಾಗಿದ್ದು. ಅಮ್ಮನಿಗೆ ಒಂದಿಷ್ಟು ತರೋಣ ಅನ್ನಿಸಿತು, ಆದರೆ ತೆಗೆದುಕೊಂಡು ಹೋಗಬಾರದು ಅಂದರು. ನೀಸ್ಟ್ ಪಾಯಿಂಟ್ ದೀಪಸ್ತಂಭ 1909ರದ್ದು, ಕಡಿದಾದ ಮೆಟ್ಟಿಲು, ಗಾಳಿಗೆ ನಿಲ್ಲೋಕಾಗಲ್ಲ. ಕಣ್ಣು ಮುಚ್ಚೋವಷ್ಟು ಕೂದಲಿರೋ ಕೆಂಚು ದನಗಳ ಫೋಟೋ ರಘುಗೆ ಕಳಿಸಿದ್ದೇನೆ, ನೋಡಿ. ಸಂಜೆ ಗಾಳಿ ನಿಂತರೆ ನುಸಿ ಮುತ್ತುತ್ತವೆ. ರಕ್ತ ಹೀರೋ ಉಂಬಳದ ಊರಿನವಳಿಗೆ ಅದು ಲೆಕ್ಕಕ್ಕಿಲ್ಲ ಅಂತ ಇಲ್ಲಿಯವರಿಗೆ ಹೇಳಿದ್ದೇನೆ.

ಅಪ್ಪ, ನಿಮಗೆ ಹೇಳಬೇಕಾದ್ದು ಈ ಗ್ಲೆಂಡೇಲಿನ ಕಥೆ. ಇಲ್ಲಿ ರಸ್ತೆ ಪಕ್ಕ ಒಂದು ಕಲ್ಲಿನ ಸ್ಮಾರಕ ಇದೆ. ರಾಜರದ್ದಲ್ಲ, ಗೇಣಿದಾರರದ್ದು. ಆಗ ಇಡೀ ಕಣಿವೆ ಧಣಿಗಳ ಕೈಯಲ್ಲಿತ್ತು. ಒಕ್ಕಲಿಗೆ ಮನೆ ಸುತ್ತ ಒಂದು ತುಂಡು ಜಮೀನು, ಯಾವಾಗ ಬೇಕಾದರೂ ಎಬ್ಬಿಸಬಹುದು. 1882ರಲ್ಲಿ ಇವರೆಲ್ಲ ಒಟ್ಟಾಗಿ ಗೇಣಿ ಕೊಡಲ್ಲ ಅಂದರು, ತಮ್ಮದು ಅಂತ ಹೇಳಿಕೊಂಡ ಹುಲ್ಲುಗಾವಲಿಗೆ ದನ ಬಿಟ್ಟರು. ಕೋರ್ಟ್ ಆರ್ಡರ್ ಬಂತು, ಕೇಳಲಿಲ್ಲ. ಪೊಲೀಸರು ಬಂದರು, ಓಡಿಸಿದರು. 1883ರಲ್ಲಿ ಸರ್ಕಾರ ಜಾಕಲ್ ಅನ್ನೋ ಯುದ್ಧದ ಹಡಗನ್ನೇ ಕಳಿಸಿತು! ಜಾನ್ ಮ್ಯಾಕ್‌ಫರ್ಸನ್ ಅನ್ನೋ ರೈತ, ಅವನ ಸಂಗಡಿಗರು ಎಡಿನ್‌ಬರೋ ಜೈಲಿನಲ್ಲಿ ಎರಡು ತಿಂಗಳು ಕೂತರು. ಕೊನೆಗೆ 1886ರಲ್ಲಿ ಕಾಯಿದೆ ಬಂತು: ಎಬ್ಬಿಸೋ ಹಾಗಿಲ್ಲ, ನ್ಯಾಯವಾದ ಗೇಣಿ, ಮಕ್ಕಳಿಗೂ ಹಕ್ಕು. ಆಮೇಲೆ 1904ರಲ್ಲಿ ಸರ್ಕಾರವೇ ಈ ಎಸ್ಟೇಟ್ ಕೊಂಡು ಒಕ್ಕಲುಗಳಿಗೆ ಕೊಟ್ಟಿತು. ಅವರು ವರ್ಷ ವರ್ಷ ಕಂತು ಕಟ್ಟಿ, ಐವತ್ತು ವರ್ಷದ ಹತ್ತಿರ ಹತ್ತಿರ, ತೀರಿಸಿಕೊಂಡರು.

ಆ ಕಲ್ಲಿನ ಹತ್ತಿರ ನಿಂತಾಗ ನನಗೆ ಅಜ್ಜನದ್ದೇ ನೆನಪು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಧಣಿಗಳ ಗದ್ದೆಗೆ ಇಳಿದಿದ್ದನ್ನು ಅಜ್ಜ ಎಷ್ಟು ಸಲ ಹೇಳಿಲ್ಲ. ಆಮೇಲೆ ದೇವರಾಜ ಅರಸು ಕಾಲದಲ್ಲಿ, ಗೇಣಿ ಜಮೀನಿನ ಹಕ್ಕು ಕೇಳೋ ಏಳನೇ ನಂಬರ್ ಫಾರಂ ಹಿಡಿದು ಸಾಗರ ಪೇಟೆಗೆ ಅಲೆದು, ಭೂ ನ್ಯಾಯಮಂಡಳಿ ಮುಂದೆ ಕೈ ಕಟ್ಟಿ ನಿಂತು, ಡಿಕ್ಲರೇಷನ್ನಿನಲ್ಲಿ ಬಂದದ್ದು ಆ ಕೆಳಗಿನ ಜಮೀನು. ಅಲ್ಲಿ ಅಡಿಕೆ ಸಸಿ ಇಟ್ಟವರು ನೀವು. ಅದನ್ನು ಆಸ್ಪತ್ರೆ ಬಿಲ್ಲಿಗೆ ಕೊಡೋಕೆ ನಾನು ಒಪ್ಪಲ್ಲ. ನಿಮಗೆ ಸಿಟ್ಟು ಬಂದರೆ ಬರಲಿ.

ನಾವು ಉಳಿದುಕೊಂಡಿರೋ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರೂ ಆ ಒಕ್ಕಲುಗಳ ವಂಶದವರೇ. ಬೆಳಿಗ್ಗೆ ತಿಂಡಿಗೆ ಕೂತಾಗ ನಿಮ್ಮ ವಿಷಯ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಚಮಚ ಕೆಳಗಿಟ್ಟು, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಎದೆ ನಡುವಿನ ಗೆರೆ ತೋರಿಸಿದರು. ಅದು ಬೈಪಾಸಿನ ಗುರುತು, ಬೆಳ್ಳಗೆ, ದಾರದಷ್ಟು ಸಣ್ಣ. ಆಮೇಲೆ ಬೂಟು ಹಾಕಿಕೊಂಡು, ನಾಯಿ ಕರೆದುಕೊಂಡು, ಕುರಿ ಹಿಂದೆ ಗುಡ್ಡ ಹತ್ತಿದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ ಅಪ್ಪ. ಎಲ್ಲೂ ನಿಲ್ಲದೇ ಹತ್ತಿದರು. ಇಲ್ಲೂ ಎಷ್ಟೋ ಜನ ಮನೆ ಮಾರಿ ಹೋಗಿದ್ದಾರಂತೆ. ಈಗ ಅವು ರಜೆಗೆ ಬರೋರ ಮನೆ. ಇಲ್ಲೇ ಹುಟ್ಟಿದ ಹುಡುಗರು ವಾಪಸ್ ಬರ್ತೀವಿ ಅಂದರೂ ಆ ರೇಟಿಗೆ ಕೊಳ್ಳೋಕಾಗಲ್ಲ ಅಂತ ಅವರ ಹೆಂಡತಿ ಹೇಳಿದರು.

ದುಡ್ಡಿನ ಚಿಂತೆ ನಿಮಗೆ ಬೇಡ, ಖಂಡಿತ ಬೇಡ. ಆಯುಷ್ಮಾನ್ ಕಾರ್ಡಿನಲ್ಲಿ ಎಷ್ಟು ಆಗುತ್ತೆ ಅಂತ ರಘು ವಿಚಾರಿಸಲಿ. ಉಳಿದಿದ್ದು ನನ್ನದು. ಸೋಮವಾರವೇ ರಘು ಖಾತೆಗೆ ಮೊದಲ ಕಂತು ಹಾಕುತ್ತೇನೆ. ನನಗೆ ಇಲ್ಲಿ ಏನೂ ಕಷ್ಟ ಇಲ್ಲ, ಸಂಬಳ ಚೆನ್ನಾಗಿದೆ, ಬಾಡಿಗೆ ಹಂಚಿಕೊಂಡಿದ್ದೇವೆ. ಮದುವೆಗೆ ಅಂತ ಕೂಡಿಟ್ಟಿದ್ದು ಅಂತ ಅಮ್ಮ ಶುರು ಮಾಡಬೇಡಿ, ಅದಕ್ಕೆ ಮುಂದೆ ನೋಡಿಕೊಂಡರಾಯ್ತು. ಔಷಧಿ ಹೊಡೆಯೋಕೆ ಆಳು ಗೊತ್ತು ಮಾಡಿದ್ದೀನಿ ಅಂತ ರಘು ಹೇಳಿದ್ದಾನೆ, ನೀವು ದೋಟಿ ಮುಟ್ಟೋದು ಬೇಡ. ಬೀಡಿ ಪೂರ್ತಿ ಬಿಡಿ. ಬೈಪಾಸ್ ಈಗ ಎಲ್ಲ ಕಡೆ ಮಾಡುತ್ತಾರೆ, ಹೆದರೋ ಆಪರೇಷನ್ ಅಲ್ಲ. ನಿಮಗೆ ಏನೂ ಆಗಲ್ಲ. ಏನೂ ಆಗಲ್ಲ ಅಪ್ಪ. ಡೇಟ್ ಕೊಟ್ಟ ತಕ್ಷಣ ತಿಳಿಸಿ, ರಜೆ ಕೇಳಿಟ್ಟಿದ್ದೇನೆ, ಬಂದೇ ಬರುತ್ತೇನೆ.

ಸುಮತ್ತೆಗೆ ಕೇಳಿದೆ ಅಂತ ಹೇಳಿ. ಬೆಳಿಗ್ಗೆ ಬೇಗ ಹೊರಡಬೇಕು, ಬ್ಯಾಗ್ ಇನ್ನೂ ಕಟ್ಟಿಲ್ಲ. ಮಾತ್ರೆ ತಪ್ಪಿಸಬೇಡಿ. ಭಾನುವಾರ ರಾತ್ರಿ ಫೋನ್ ಮಾಡುತ್ತೇನೆ, ಅಮ್ಮನ ಕೈಗೆ ಕೊಡಬೇಡಿ, ನೀವೇ ಮಾತಾಡಿ.

ನಿಮ್ಮ
ವೀಣಾ