ಕೆರೆ ನೀರು ಕೆಂಪಾಗಿರುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೃಗಶಿರಾ ಮಳೆ ಹೊಡೆದ ಮೇಲೆ ನಮ್ಮೂರ ಕೆರೆ ಹಾಲು ಹಾಕಿದ ಟೀ ಥರ ಆಗಿರುವ ಫೋಟೋ ನೋಡಿದಿರಿ. ‘ನಾಲ್ಕು ದಿನದಲ್ಲಿ ತಿಳಿಯಾಗುತ್ತೆ ಬಿಡಿ’ ಅಂತ ಕೆಲವರು ಬರೆದಿದ್ದೀರಿ. ತಿಳಿಯಾಗುತ್ತೆ, ನಿಜ. ಆದರೆ ಗುಡ್ಡದಿಂದ ಕೊಚ್ಚಿ ಬಂದ ಮಣ್ಣು ಎಲ್ಲಿಗೂ ಹೋಗಲ್ಲ, ತಳದಲ್ಲಿ ಹೂಳಾಗಿ ಕೂರುತ್ತೆ. ಮಣ್ಣಿನ ಕಣಕ್ಕೆ ಅಂಟಿಕೊಂಡು ಕಾಫಿ ತೋಟದ ಗೊಬ್ಬರದ ರಂಜಕವೂ ಬರುತ್ತೆ. ಬೇಸಿಗೆಯಲ್ಲಿ ಪಾಚಿ ಕೊಬ್ಬುವುದು ಅದನ್ನು ತಿಂದೇ. ಪಾಚಿ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಖಾಲಿಯಾಗಿ, ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತವೆ. ಚಿಕ್ಕಮಗಳೂರು ಪೇಟೆಗೆ ಹಿರೇಕೊಳಲೆ ಕೆರೆ ನೀರು ಕುಡಿಯಲು ಹೋಗುತ್ತಲ್ಲ, ಅಂಥ ಕೆರೆಯ ನೀರು ಕದಡಿದ್ದರೆ ಕ್ಲೋರಿನ್ ಕೂಡ ಸರಿಯಾಗಿ ಕೆಲಸ ಮಾಡಲ್ಲ.

ಗುಡ್ಡದಲ್ಲಿ ಜೆಸಿಬಿ ತಂದು ದಾರಿ ಕಡಿಸಿದವರು (ಹೋಂಸ್ಟೇ ಆಸೆಗೆ ಬಿದ್ದು ನಾನೂ ಕಡಿಸಿದವನೇ) ಧರೆಗೆ, ಅಂದರೆ ದಾರಿ ಬದಿ ಕಡಿದ ಮಣ್ಣಿನ ಗೋಡೆಗೆ, ಮಣ್ಣು ಹಿಡಿದಿಡುವ ಲಾವಂಚದ ಹುಲ್ಲು ನೆಡಿ. ಮಳೆ ನೀರು, ಮಣ್ಣು ತಡೆಯಲು ಕಾಫಿ ಗಿಡಗಳ ನಡುವೆ ತೋಡಿದ ತೊಟ್ಟಿಲು ಗುಂಡಿ ಮುಚ್ಚಿದ್ದರೆ ಈ ವಾರವೇ ಬಿಡಿಸಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಿಂದ ಬರುವ ಕೊಳೆ ನೀರಿನ ವಿಷಯ ಕೊಯ್ಲಿನ ಹೊತ್ತಿಗೆ ಮತ್ತೆ ಎತ್ತುತ್ತೇನೆ, ಬೇಜಾರಾಗಬೇಡಿ.

ಭಾನುವಾರ ಬೆಳಿಗ್ಗೆ 7ಕ್ಕೆ ಕೋಡಿ ಹತ್ತಿರ ಸೇರಿ, ಹಳ್ಳದ ದಂಡೆಗೆ ಹೋಗೋಣ. ಗುದ್ದಲಿ, ಬಾಂಡ್ಲಿ ತನ್ನಿ. ಲಾವಂಚದ ಬುಡ ನಾನು ತರುತ್ತೇನೆ.