ರೆಸಿನ್: 24 ಗಂಟೆ ಅಚ್ಚು ಬಿಡಿಸುವುದಕ್ಕೆ, ಉಜ್ಜುವುದಕ್ಕಲ್ಲ

ಮಾನ್ಯ ಸಂಪಾದಕರೇ,

ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್‌ನಲ್ಲಿ ನಾಮಫಲಕ, ಲೋಟದಡಿಯ ಕೋಸ್ಟರ್, ಮದುವೆ ಹಾರದ ಹೂ ಹುದುಗಿಸಿದ ಫ್ರೇಮ್ ಮಾಡುವವರು ದಾವಣಗೆರೆಯ ಬಡಾವಣೆಗಳಲ್ಲಿ ಹೆಚ್ಚುತ್ತಿದ್ದಾರೆ. ಒಂದು ದಿನದ ತರಗತಿಗಳಲ್ಲಿ ಅಚ್ಚಿಗೆ ಸುರಿಯುವುದನ್ನು ಚೆನ್ನಾಗಿಯೇ ಹೇಳಿಕೊಡುತ್ತಾರೆ. ಉಜ್ಜಿ ಹೊಳಪು ತರುವುದಕ್ಕೆ ಮಾತ್ರ ಕೊನೆಯ ಹತ್ತು ನಿಮಿಷ. ಸಾಮಾನು ಕೆಡುವುದೂ ಮೈ ಕೆಡುವುದೂ ಆ ಹಂತದಲ್ಲೇ.

ಡಬ್ಬಿಯ ಮೇಲಿನ ‘24 ಗಂಟೆ’ ಅಚ್ಚಿನಿಂದ ಬಿಡಿಸುವುದಕ್ಕೆ. ಉಜ್ಜಲು ಸಾಮಾನ್ಯವಾಗಿ ಮೂರು ದಿನವಾದರೂ ಕಾಯಬೇಕು, ಪೂರ್ತಿ ಗಟ್ಟಿಯಾಗಲು ವಾರ ಹಿಡಿಯುತ್ತದೆ. ಹಿಂಭಾಗದಲ್ಲಿ ಉಗುರು ಒತ್ತಿದಾಗ ಗುರುತು ಬಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ಒಂದು ಮೂಲೆಯಲ್ಲಿ ಎರಡು ಸಲ ಉಜ್ಜಿದರೆ ಬಿಳಿ ಹಿಟ್ಟಿನಂತೆ ಉದುರಬೇಕು. ಉಂಡೆಯುಂಡೆಯಾಗಿ ಪೇಪರಿಗೆ ಮೆತ್ತಿಕೊಂಡರೆ ಅಲ್ಲಿಗೇ ನಿಲ್ಲಿಸಿ. ಅರೆಬರೆ ಗಟ್ಟಿಯಾದ ರೆಸಿನ್ ಪುಡಿ ಬೆವರಿದ ಚರ್ಮಕ್ಕೆ ತಾಗಿ ತಾಗಿ ತುರಿಕೆ ಶುರುವಾಯಿತೆಂದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕೈಗೆ ಮೆತ್ತಿದ ರೆಸಿನ್ ತೆಗೆಯಲು ಥಿನ್ನರ್ ಹಚ್ಚುವುದು ಇನ್ನೂ ಕೆಟ್ಟ ಅಭ್ಯಾಸ. ಸೋಪು, ನೀರು ಸಾಕು.

ವಾರ ಕಳೆದರೂ ಮೆತ್ತಗಿದ್ದರೆ ತಪ್ಪು ಹೆಚ್ಚಾಗಿ ಅಳತೆಯಲ್ಲಿ ಇರುತ್ತದೆ, ಇಲ್ಲವೇ ಸರಿಯಾಗಿ ಕಲಸದೇ ಇರುವುದರಲ್ಲಿ. ಅದನ್ನು ಉಜ್ಜಿ ಸರಿಮಾಡಲಾಗದು. 10 ಸೆಂ.ಮೀ. ಅಗಲದ ದುಂಡು ಕೋಸ್ಟರ್ ಮೇಲೆ 1 ಮಿ.ಮೀ. ಪದರಕ್ಕೆ ಬೇಕಾಗುವುದು ಸುಮಾರು 8 ಮಿ.ಲೀ. ರೆಸಿನ್. ತೂಕದಲ್ಲಿ ರೆಸಿನ್ ಎರಡು ಪಾಲಿಗೆ ಹಾರ್ಡನರ್ ಒಂದು ಪಾಲು (2:1) ಎಂದಿದ್ದರೆ ಅದರಲ್ಲಿ ಹಾರ್ಡನರ್ ಮೂರು ಗ್ರಾಂ ಕೂಡ ಇಲ್ಲ. ಅಡುಗೆಮನೆಯ ತಕ್ಕಡಿ 1 ಗ್ರಾಂ ಆಚೀಚೆ ತೋರಿಸಿದರೂ ಮೂರರಲ್ಲೊಂದು ಪಾಲು ತಪ್ಪಿತು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು, ಇಲ್ಲವಾದರೆ ಒಟ್ಟಿಗೆ ಕಲಸಿ ನಾಲ್ಕಾರು ಕೋಸ್ಟರ್‌ಗೆ ಹಂಚುವುದು ಲೇಸು. ಮಳೆಗಾಲದ ತೇವಕ್ಕೆ ಮೇಲೆ ಮೇಣದಂಥ ತೆಳು ಜಿಡ್ಡು ಕೂರುವುದು ಬೇರೆ ವಿಚಾರ. ಅದನ್ನು ಬೆಚ್ಚನೆ ನೀರು, ಪಾತ್ರೆ ಸೋಪಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆಯದೆ ಉಜ್ಜಿದರೆ ಪೇಪರ್ ಕಟ್ಟಿಕೊಳ್ಳುತ್ತದೆ, ಅಷ್ಟೇ.

ಮನೆಯಲ್ಲಿ ಒಣದಾಗಿ ಉಜ್ಜಲೇಬೇಡಿ ಎಂಬುದು ನಮ್ಮ ಮುಖ್ಯ ಮಾತು. ನೀರು ಹಾಕಿದರೆ ಪುಡಿ ಏಳುವುದಿಲ್ಲ. ಬಿಸಿಯೂ ಏರುವುದಿಲ್ಲ. ಹವ್ಯಾಸಕ್ಕೆ ಸಿಗುವ ಬಹಳಷ್ಟು ರೆಸಿನ್ 50-60 ಡಿಗ್ರಿಗೆಲ್ಲ ಮೆತ್ತಗಾಗತೊಡಗುತ್ತದೆ (ಬಿಸಿ ಚಹಾ ಲೋಟ ಇಟ್ಟ ಕಡೆ ಬಳೆಯಂತೆ ಗುರುತು ಮೂಡುವುದು ಇದಕ್ಕೇ). ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅಂಗಳವೇ 38-40 ಡಿಗ್ರಿ ಇರುವಾಗ ಒಣ ಉಜ್ಜಾಟದ ಕಾವಿಗೆ ಎಷ್ಟು ಹೊತ್ತು ಬೇಕು?

ಬಡಗಿಗಳು ಬಳಸುವ ಹಳದಿ ಸ್ಯಾಂಡ್ ಪೇಪರ್ ನೀರಿಗೆ ಕರಗಿಹೋಗುತ್ತದೆ. ಕಪ್ಪು ಬಣ್ಣದ ‘ವಾಟರ್ ಪೇಪರ್’ ಕೇಳಿ. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. 1000ದ ಮೇಲಿನ ನಂಬರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಕಾರಿನ ಪೇಂಟ್ ಸಾಮಾನು ಮಾರುವಲ್ಲಿ ಸಿಗುತ್ತದೆ. ಹದಿನೈದು ನಿಮಿಷ ನೀರಲ್ಲಿ ನೆನೆಸಿ, ನೀರಿಗೆ ಎರಡು ಹನಿ ಪಾತ್ರೆ ಸೋಪು ಬಿಡಿ. ಕೋಸ್ಟರ್‌ನ ತೆರೆದ ಬದಿಯಲ್ಲಿ ಅಂಚು ಬ್ಲೇಡಿನಂತೆ ಎದ್ದಿರುತ್ತದೆ. ಮನೆ ಕಟ್ಟಿಸಿ ಉಳಿದ ಗ್ರಾನೈಟ್ ತುಂಡಿನ ಮೇಲೆ 220ರ ಪೇಪರ್ ಹಾಸಿ, ಕೋಸ್ಟರ್ ಬೋರಲು ಹಾಕಿ ಎಂಟರ ಆಕಾರದಲ್ಲಿ ಆಡಿಸಿ. ಆಮೇಲೆ 320, 400, 600, 800, 1000, 1500, 2000. ನಂಬರ್ ಬದಲಿಸಿದಾಗಲೆಲ್ಲ ದಿಕ್ಕೂ ಬದಲಿಸಿ: ಒಮ್ಮೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹಿಂದಿನ ಗೀರು ಒಂದೂ ಕಾಣದಾದ ಮೇಲೆ ಮುಂದಿನ ನಂಬರ್. ಒರೆಸಿ, ಒಣಗಿಸಿ ನೋಡಬೇಕು. ಒದ್ದೆಯಿದ್ದಾಗ ನೀರೇ ಗೀರು ತುಂಬಿ ಹೊಳೆಯುವಂತೆ ತೋರಿಸುತ್ತದೆ, ಅಲ್ಲೇ ಎಲ್ಲರೂ ಮೋಸ ಹೋಗುವುದು. 400ರಲ್ಲಿ ಇಡೀ ತುಣುಕು ಮಂಜು ಕವಿದಂತೆ ಬೆಳ್ಳಗಾದರೆ ಗಾಬರಿ ಬೇಡ. ಆದರೆ 400ರಿಂದ ನೇರ 1500ಕ್ಕೆ ಹಾರಿದರೆ ಎಷ್ಟು ಪಾಲಿಶ್ ತಿಕ್ಕಿದರೂ ಕಿಟಕಿ ಬೆಳಕಿಗೆ ಹಿಡಿದಾಗ ಗೀರು ಎದ್ದು ಕಾಣುತ್ತದೆ.

ಪ್ರತಿ ನಂಬರಿಗೂ ಬಕೆಟ್ಟಿನ ನೀರು, ಬಟ್ಟೆ ಎರಡೂ ಬೇರೆ. ಬಟ್ಟೆಯಲ್ಲಿ ಉಳಿದ 220ರ ಒಂದೇ ಕಣ 2000ದ ಕೆಲಸವನ್ನು ಹಾಳುಮಾಡುತ್ತದೆ. ಬೋರ್‌ವೆಲ್ ನೀರಾದರೆ ಸೋಸಿ ಬಳಸಿ, ತುಣುಕಿನ ಮೇಲೆ ಆರಲು ಬಿಡದೆ ಒರೆಸಿ. ಗಡಸು ನೀರಿನ ಬಿಳಿ ಕಲೆಯನ್ನು ಗೀರೆಂದು ತಿಳಿದು ಮತ್ತೆ ಉಜ್ಜಲು ಕೂರುವವರಿದ್ದಾರೆ.

ಕೊನೆಗೆ ರಬ್ಬಿಂಗ್ ಕಾಂಪೌಂಡ್, ಅಂದರೆ ತಿಕ್ಕಿ ಹೊಳಪು ತರುವ ಪೇಸ್ಟ್. ಸ್ಪಂಜಿನ ಪ್ಯಾಡಿಗೆ ಕಡಲೆಕಾಳಿನಷ್ಟು ಸಾಕು. ಡ್ರಿಲ್‌ಗೆ ಪ್ಯಾಡ್ ಸಿಕ್ಕಿಸುವುದಾದರೆ ನಿಧಾನ ವೇಗ, ಒಂದೇ ಕಡೆ ನಿಲ್ಲಿಸಕೂಡದು. ಕೈಯಿಟ್ಟರೆ ಸುಡುವಷ್ಟಾದರೆ ಬಿಟ್ಟು ಆರಿಸಿ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ ಆಂಗಲ್ ಗ್ರೈಂಡರ್ ಈ ಕೆಲಸಕ್ಕೆ ಬೇಡವೇ ಬೇಡ. ಕರೆಂಟಿನ ಸ್ಯಾಂಡರ್ ಜೊತೆ ನೀರು ಬಳಸಲೂಬಾರದು.

ಇಷ್ಟೆಲ್ಲ ತಾಳ್ಮೆ ಇಲ್ಲದವರು 320ಕ್ಕೆ ನಿಲ್ಲಿಸಿ, ತೊಳೆದು, ಒಣಗಿಸಿ, ಮೇಲೊಂದು ತೆಳು ಪದರ ಸುರಿಯಬಹುದು. ನಮ್ಮ ಪ್ರಕಾರ ನಾಮಫಲಕಕ್ಕೆ ಅದೇ ಮೇಲು. ಆದರೆ ಚಿತ್ರದುರ್ಗದವರು ಗುಡ್ಡದ ಮೇಲೆ ಗಾಳಿಯಂತ್ರ ಗಿರ್ರನೆ ತಿರುಗುವ ಆಷಾಢದಲ್ಲಿ ಇದನ್ನು ತಾರಸಿಯಲ್ಲಿ ಮಾಡಹೋದರೆ ಮತ್ತೆ ಧೂಳು ಉಜ್ಜುವ ಕೆಲಸವೇ. ಮರ ಸೇರಿಸಿದ ತುಣುಕಿಗೆ ನೀರು ಹಾಕಿದರೆ ಮರ ಉಬ್ಬುತ್ತದೆ. ಅದೊಂದನ್ನು ಒಣದಾಗಿಯೇ ಉಜ್ಜಬೇಕು: ಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ, ಎನ್95 ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರವಿಟ್ಟು. ಕರವಸ್ತ್ರ ಕಟ್ಟಿಕೊಂಡರೆ ಈ ಪುಡಿ ತಡೆಯುವುದಿಲ್ಲ.

ಉಜ್ಜಿದ ಬಿಳಿ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನ ತಿರುವಿನಲ್ಲಿ ಕೂರುತ್ತದೆ. ರಾತ್ರಿಯಿಡೀ ಬಕೆಟ್ಟಿನಲ್ಲಿ ಬಿಟ್ಟು, ಮೇಲಿನ ತಿಳಿ ಬಗ್ಗಿಸಿ, ತಳದ ಗಸಿಯನ್ನು ಹಳೇ ಪತ್ರಿಕೆಯಲ್ಲಿ ಆರಿಸಿ ಸುತ್ತಿ ಒಣಕಸಕ್ಕೆ ಹಾಕಿ.

ನಗರದ ಅಂಗಡಿಗಳಲ್ಲಿ ದೊಡ್ಡ ಕ್ಯಾನಿನ ರೆಸಿನ್ನನ್ನು ಸಣ್ಣ ಬಾಟಲಿಗೆ ತುಂಬಿ, ಚೀಟಿಯೇ ಇಲ್ಲದೆ ಮಾರುವುದೂ ನಡೆದಿದೆ. ಬಾಟಲಿಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಅಂಟಿಸಲು ವರ್ತಕರಿಗೆ ಹೆಚ್ಚು ಖರ್ಚಿಲ್ಲ: ಅನುಪಾತ ತೂಕದಲ್ಲೋ ಅಳತೆಯಲ್ಲೋ, ಅಚ್ಚು ಬಿಡಿಸಲು ಎಷ್ಟು ಗಂಟೆ, ಉಜ್ಜಲು ಎಷ್ಟು ದಿನ, ಎಷ್ಟು ಬಿಸಿ ತಡೆಯುತ್ತದೆ. ತರಗತಿ ನಡೆಸುವವರು ಇನ್ನೊಂದು ದಿನ ಕರೆದು, ಅದೇ ಕೋಸ್ಟರ್‌ಗಳನ್ನು ಬಕೆಟ್ ನೀರಿಟ್ಟು ಉಜ್ಜಿಸಲಿ.

– ರೆಸಿನ್ ಕೆಲಸ ಬಲ್ಲ ಓದುಗರು, ದಾವಣಗೆರೆ