ತಮಟೆಗೆ ‘ಡ್ರಮ್ 3’ ಅಂತ ಹೆಸರಿಡಬೇಡಿ

ಮಾನ್ಯ ಸಂಪಾದಕರೇ,

ಧಾರಾವಾಹಿ, ಜಾಹೀರಾತು, ಕಿರುಚಿತ್ರಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವುದು ನನ್ನ ಕೆಲಸ. ಜಾತ್ರೆಯ ದೃಶ್ಯ ಬಂತೆಂದರೆ ನಾವು ಮೊದಲೇ ರೆಕಾರ್ಡ್ ಮಾಡಿಟ್ಟ ದನಿಗಳ ‘ಸ್ಯಾಂಪಲ್’ ಫೋಲ್ಡರ್ ತೆರೆಯುತ್ತೇವೆ. ಅಲ್ಲಿರುವ ಹೆಸರುಗಳು ‘ಇಂಡಿಯನ್ ಡ್ರಮ್ 3’, ‘ಫೋಕ್ ಲೋ’, ‘ಎಥ್ನಿಕ್ ಹಿಟ್’. ಅದು ತಮಟೆಯೋ, ಡೊಳ್ಳೋ, ಸಂಬಾಳವೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಬೀರಪ್ಪನ ಜಾತ್ರೆಯಲ್ಲಿ ಕೇರಳದ ಚೆಂಡೆ ಮೊಳಗುತ್ತದೆ. ನೋಡುವವರಿಗೆ ಎಲ್ಲ ಒಂದೇ ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಡೊಳ್ಳು ಕೇಳುತ್ತಾ ಬೆಳೆದವರು ಒಂದೇ ಪೆಟ್ಟಿಗೆ ವ್ಯತ್ಯಾಸ ಹೇಳುತ್ತಾರೆ.

ತಮಟೆಯನ್ನೇ ತೆಗೆದುಕೊಳ್ಳಿ. ಬಾರಿಸುವವರು ಮೊದಲು ಹುಲ್ಲೋ ಕಾಗದವೋ ಉರಿಸಿ ಚರ್ಮ ಕಾಯಿಸುತ್ತಾರೆ. ಅದಕ್ಕೂ ಮುಂಚೆ ದನಿ ‘ದಬ್ ದಬ್’ ಅಂತ ಮಂಕಾಗಿರುತ್ತದೆ. ಕಾದ ಮೇಲೆ ‘ಟಣ್’ ಅಂತ ಏಳುತ್ತದೆ. ಸ್ಟುಡಿಯೋ ಒಳಗೆ ಬೆಂಕಿ ಹಾಕುವಂತಿಲ್ಲ. ಅಂಗಳದಲ್ಲಿ ಕಾಯಿಸಿಕೊಂಡು ಬೇಗ ಬೇಗ ಒಳಗೆ ಬಂದು, ಬಿಗಿ ಇಳಿಯುವ ಮೊದಲು ಟೇಕ್ ಮುಗಿಸಬೇಕು. ಕೊನೆಯ ಟೇಕ್ ಹೊತ್ತಿಗೆ ದನಿ ಇಳಿದೇ ಇರುತ್ತದೆ. ‘ಕಾಯಿಸಿದ ಕೂಡಲೇ’ ಅಂತ ಫೈಲಿನ ಮೇಲೆ ಬರೆಯದಿದ್ದರೆ, ಆಮೇಲೆ ಎಡಿಟ್‌ಗೆ ಕೂತವರು ಎರಡನ್ನೂ ಸೇರಿಸುತ್ತಾರೆ. ಹೊಂದಲಿಲ್ಲ ಅಂತ ಕಂಪ್ಯೂಟರಿನಲ್ಲಿ ಪಿಚ್ (ಸ್ವರದ ಎತ್ತರ) ಎಳೆಯುತ್ತಾರೆ. ಅಲ್ಲಿಗೆ ಆ ‘ಟಣ್’ ಹೋಯಿತು. ಉದ್ದನೆಯ ತೆಳು ಕಡ್ಡಿಯ ಪೆಟ್ಟು ಯಾವುದು, ಗಿಡ್ಡ ದಪ್ಪ ಕೋಲಿನದ್ದು ಯಾವುದು ಎನ್ನುವುದೂ ಬೇಕು. ಒಂದು ಚಟ್ ಅನ್ನುತ್ತದೆ, ಇನ್ನೊಂದರಲ್ಲಿ ತೂಕ ಇದೆ.

‘ಯಕ್ಷಗಾನದ ಚೆಂಡೆ’ ಅಂತ ಬರೆದರೂ ಸಾಲದು. ಯಕ್ಷಗಾನದ ಎರಡು ಶೈಲಿಗಳಲ್ಲಿ ತೆಂಕುತಿಟ್ಟಿನದ್ದೇ ಬೇರೆ, ಬಡಗುತಿಟ್ಟಿನದ್ದೇ ಬೇರೆ.

ಮೃದಂಗದವರು ಇದನ್ನೆಲ್ಲ ಎಂದೋ ಬಗೆಹರಿಸಿಕೊಂಡಿದ್ದಾರೆ. ತ, ಧಿ, ತೋಂ, ನಂ ಅಂದರೆ ಸಾಕು. ಯಾವ ಕೈ, ಎಲ್ಲಿ ಬಿತ್ತು, ನಾದ ಬಿಟ್ಟರೋ ಮುಚ್ಚಿದರೋ ತಿಳಿಯುತ್ತದೆ. ನಾವು ಹೇಳುವ ‘ಪಂಚಿ’, ‘ಬೂಮಿ’, ‘ವಾರ್ಮ್’ಗಿಂತ ಇದು ಎಷ್ಟೋ ಪಾಲು ಖಚಿತ. ಮೃದಂಗದ ಬಲಗಡೆಯ ಚರ್ಮದ ಮೇಲಿನ ಕಪ್ಪು ಲೇಪ, ಅಂದರೆ ಕರಣೆಯಿಂದಾಗಿ ಅದರ ಉಪಸ್ವರಗಳು (ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು) ತಂತಿವಾದ್ಯದ ಹಾಗೆ ಕ್ರಮವಾಗಿ ಕೂಡುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಹಾಗಾಗಿ ‘ನಂ’ ಪೆಟ್ಟಿನ ಫೈಲಿಗೆ ಶ್ರುತಿ ಬರೆಯಬಹುದು. ಡೊಳ್ಳಿಗೆ ಅದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಡೊಳ್ಳಿನ ಗಾತ್ರ, ಕೋಲಿನ ಕಡೆಯೋ ಕೈ ಕಡೆಯೋ, ಮೈಕ್ ಎಷ್ಟು ದೂರ ಇತ್ತು, ಇವು ಬೇಕು. ಮೊಬೈಲ್ ಸ್ಪೀಕರಿನಲ್ಲಿ ಕೇಳಿಸಲ್ಲ ಅಂತ ಡೊಳ್ಳಿನ ಕೆಳಗಿನ ದನಿಯನ್ನೇ ಕತ್ತರಿಸುವವರೂ ಇದ್ದಾರೆ. ದಯವಿಟ್ಟು ಮೂಲ ಫೈಲ್ ಮುಟ್ಟಬೇಡಿ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಜಾನಪದ ಅಕಾಡೆಮಿ, ಯಕ್ಷಗಾನ ಅಕಾಡೆಮಿಗಳಿಗೆ ನನ್ನದೊಂದು ಮನವಿ. ವಾದ್ಯಗಳನ್ನು ಒಂದೊಂದೇ ಪೆಟ್ಟಾಗಿ ರೆಕಾರ್ಡ್ ಮಾಡಿಸಿ. ಪ್ರತಿ ಪೆಟ್ಟಿನ ಜೊತೆ ವಾದ್ಯ, ಊರು, ಚರ್ಮ, ಕೋಲು ಯಾವುದೆಂದು ಬರೆದಿಡಿ. ಆ ಪೆಟ್ಟಿಗೆ ಬಾರಿಸುವವರು ಏನನ್ನುತ್ತಾರೋ ಅದೇ ಮಾತು ಇರಲಿ. ಅವರ ಒಪ್ಪಿಗೆ ಪಡೆದು ಹೆಸರನ್ನೂ ಹಾಕಿ. ಸುಮ್ನೆ ವಿಡಿಯೋ ಮಾಡಿಟ್ಟರೆ ನಮ್ಮಂಥವರಿಗೆ ಉಪಯೋಗವಿಲ್ಲ.

ನನ್ನ ಫೋಲ್ಡರ್‌ಗಳಲ್ಲಿ ಈ ಕೆಲಸ ಶುರು ಮಾಡಿದ್ದೇನೆ. ಬಾರಿಸುವವರು ಪಕ್ಕದಲ್ಲಿ ಕೂತು ಕೇಳಿ ಹೇಳಿದರೆ ಒಂದು ಮಧ್ಯಾಹ್ನಕ್ಕೆ ಒಂದು ವಾದ್ಯ ಮುಗಿಯುತ್ತದೆ. ಬಾರಿಸಿದ್ದಕ್ಕೆ ಕೊಡುವಂತೆ ಆ ಮಧ್ಯಾಹ್ನಕ್ಕೂ ಅವರಿಗೆ ಸಂಭಾವನೆ ಕೊಡಬೇಕು. ಅದೂ ಕೆಲಸವೇ ಅಲ್ವಾ?

– ಒಬ್ಬ ಸೌಂಡ್ ಎಂಜಿನಿಯರ್, ಬೆಂಗಳೂರು